ಅಪ್ಪ ತಪ್ಪಿ ಹಂಚಿದ ಪೇಡೆ

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಅಡ್ಡಾಗುವ ಹೊತ್ತಿಗೆ ಸರಿಯಾಗಿ ಫೋನು ಟಿಣ್ ಎಂದಿತು. ಕನ್ನಡಕ ಹುಡುಕಿ, ಸಿಕ್ಕಿದ ಕನ್ನಡಕ ಒರೆಸಿ, ನೋಡಿದರೆ ಒಂದು ಫೋಟೋ. ಬನಹಟ್ಟಿಯಲ್ಲಿರುವ ನನ್ನ ತಂಗಿ ನೀಲಾಳ ಮೊಮ್ಮಗಳಿಗೆ ಹುಟ್ಟಿದ ಕೂಸು. ಒಂಬತ್ತು ತಿಂಗಳ ಗಂಡು ಕೂಸು ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿತ್ತು. ಎರಡೂ ಕಣ್ಣು ಕೆಂಪಗೆ ಹೊಳೆಯುತ್ತಿದ್ದವು. ಹಿಂದೆಯೇ ಅದರ ತಾಯಿಯ ಸಂದೇಶ ಬಂತು. "ದೊಡ್ಡಜ್ಜಿ, ಈ ಫೋಟೋ ಕೆಟ್ಟೈತಿ. ಕಣ್ಣು ಕೆಂಪ ಬಂದಾವ. ಅಳಿಸಿಬಿಡ್ರಿ, ಬ್ಯಾರೇದು ಕಳಸ್ತೇನಿ."

ನಾನು ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆದೆ: "ಅಳಿಸಬ್ಯಾಡ. ಇದಕ್ಕಿಂತ ಛಲೋ ಫೋಟೋ ನಾ ನೋಡಿಲ್ಲ." ಆ ಹುಡುಗಿ ಗಂಡನಿಗೆ ಅದನ್ನು ತೋರಿಸಿ, ದೊಡ್ಡಜ್ಜಿಗೆ ಅರಳು ಮರಳು ಎಂದು ನಕ್ಕಿರಬೇಕು. ನಗಲಿ. ನಿಮಗೂ ನಗು ಬಂದಿದ್ದರೆ ಸ್ವಲ್ಪ ತಡೆದುಕೊಂಡು ಕೇಳಿ. ಬೆಳಕು ಬಿದ್ದಾಗ ಕೂಸಿನ ಎರಡೂ ಕಣ್ಣು ಒಳಗಿನಿಂದ ಕೆಂಪಾಗಿ ಹೊಳೆದರೆ ಅದು ಸಮಾಧಾನದ ಸುದ್ದಿ. ಒಂದು ಕಣ್ಣು ಕೆಂಪು, ಇನ್ನೊಂದು ಬೆಳ್ಳಗೆ ಕಂಡರೆ ಮಾತ್ರ ಕೈಯಲ್ಲಿದ್ದ ಕೆಲಸ ಬಿಟ್ಟು ಡಾಕ್ಟರ ಹತ್ತಿರ ಓಡಬೇಕು. ನಾನು ಡಾಕ್ಟರಲ್ಲ. ಜಮಖಂಡಿಯ ಶಾಲೆಯಲ್ಲಿ ಮೂವತ್ತು ವರ್ಷ ಮಗ್ಗಿ ಕಲಿಸಿದವಳು, ಅಷ್ಟೆ. ಆದರೂ ಈ ಒಂದು ಸಂಗತಿ ನನಗೆ ಹತ್ತನೆಯ ವಯಸ್ಸಿನಲ್ಲೇ ಗೊತ್ತಾಯಿತು. ಆಗ ನೀಲಾಳಿಗೆ ಮೂರು ವರ್ಷ.

ಆಗ ನಾವು ಬನಹಟ್ಟಿಯ ಒಂದು ಓಣಿಯಲ್ಲಿದ್ದೆವು. ಓಣಿಯಲ್ಲಿ ಹನ್ನೆರಡು ಮನೆ, ಹನ್ನೆರಡರಲ್ಲೂ ಮಗ್ಗ. ಜಮಖಂಡಿ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದು ಕೆಲವು ವರ್ಷಗಳಾಗಿದ್ದವು. ನಮ್ಮ ಮನೆ ಎಂದರೆ ಎರಡು ಅಂಕಣ. ಒಂದರಲ್ಲಿ ಅಡುಗೆ, ದೇವರು, ಹಾಸಿಗೆ, ನಾವು; ಇನ್ನೊಂದು ಪೂರ್ತಿ ಮಗ್ಗಕ್ಕೆ. ಅದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ಸೀರೆ ನೇಯುತ್ತಿದ್ದ. ಮಗ್ಗ ನಮಗಿಂತ ಹೆಚ್ಚು ಜಾಗ ಹಿಡಿದಿದೆ ಎಂದು ನಾನು ಒಮ್ಮೆ ಗೊಣಗಿದ್ದಕ್ಕೆ ಅವ್ವ, "ಅದು ದುಡೀತೈತಿ. ನೀ ಏನ್ ಮಾಡ್ತಿ?" ಎಂದಿದ್ದಳು. ಮರುದಿನದಿಂದ ಶಾಲೆ ಬಿಟ್ಟ ಮೇಲೆ ರಾಟಿಯ ಮುಂದೆ ಕೂತು, ಲಾಳಿಯೊಳಗೆ ಹಾಕುವ ಕಂಡಿಕಿಗೆ ನೂಲು ಸುತ್ತತೊಡಗಿದೆ.

ಇಲ್ಲಿ ಅಪ್ಪನ ಇಂಗ್ಲಿಷಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಅವನಿಗೆ ಒಂದೇ ಒಂದು ಇಂಗ್ಲಿಷ್ ಶಬ್ದ ಬರುತ್ತಿತ್ತು. ಅದು ಬಂದದ್ದು ಹೀಗೆ. ಆಗ ನೂಲಿಗೆ ಕಂಟ್ರೋಲು. ಮಗ್ಗ ಇದ್ದವನಿಗೆ ಒಂದು ಕಾರ್ಡು, ಕಾರ್ಡಿನ ಮೇಲೆ ನೂಲು. ಮಗ್ಗ ನಡೆಯುತ್ತಿದ್ದರೆ ಕಾರ್ಡು ಉಳಿಯಿತು. ನಿಂತಿತೋ, ಕಾರ್ಡು ಹೋಯಿತು. ಕಾರ್ಡು ಹೋದರೆ ಒಲೆ ಹೊತ್ತುವುದಿಲ್ಲ. ಹಿಂದಿನ ವರ್ಷ ಯಾರೋ ಪುಣ್ಯಾತ್ಮರು, ನಿಂಗಪ್ಪನ ಮಗ್ಗ ನಿಂತಿದೆ, ಅವನ ನೂಲು ಕಾಳಸಂತೆಗೆ ಹೋಗುತ್ತಿದೆ ಎಂದು ಅರ್ಜಿ ಹಾಕಿದರು. ನಿಂಗಪ್ಪ ಎಂದರೆ ನಮ್ಮಪ್ಪ. ನೋಟೀಸು ಬಂತು. ಎಂಟು ದಿನ ಅವನು ರೊಟ್ಟಿ ಮುರಿದು ಹಾಗೇ ತಾಟಿನಲ್ಲಿ ಬಿಟ್ಟು ಏಳುತ್ತಿದ್ದ. ಕೊನೆಗೆ ಕಚೇರಿಗೆ ಹೋಗಿ ಕೈ ಕಟ್ಟಿ ನಿಂತಾಗ ಕಾರಕೂನ ಕಾಗದ ತಿರುವಿ, ಶಿಕ್ಕಾ ಹೊಡೆದು, "ನೋಟೀಸ್ ಕ್ಯಾನ್ಸಲ್ ಆಗೇತಿ. ಮನಿಗೆ ಹೋಗು" ಎಂದನಂತೆ.

ಅಂದಿನಿಂದ ಅಪ್ಪನಿಗೆ ಅದು ಜಗತ್ತಿನಲ್ಲೇ ಸಿಹಿಯಾದ ಶಬ್ದ. ನೆಗಡಿ ಬಿಟ್ಟರೆ "ನೆಗಡಿ ಕ್ಯಾನ್ಸಲ್." ಅವ್ವನ ಸಿಟ್ಟು ಇಳಿದರೆ "ಸಿಟ್ಟು ಕ್ಯಾನ್ಸಲ್." ಒಮ್ಮೆ ಬೀಗರು ಬರುವುದಾಗಿ ಹೇಳಿ ಬಾರದೆ ಹೋದಾಗ ಅವನು "ಬೀಗರು ಕ್ಯಾನ್ಸಲ್" ಎಂದು ಕುಣಿದದ್ದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಅವರಿಗಾಗಿ ಮಾಡಿದ ಹೋಳಿಗೆ ಪೂರ್ತಿ ನಮಗೇ ಉಳಿಯಿತು.

ನೀಲಾಳ ಕಣ್ಣಿನಲ್ಲಿ ಏನೋ ಇದೆ ಎಂದು ಮೊದಲು ದೊಡ್ಡವರ ಗಮನಕ್ಕೆ ತಂದವಳು ಎದುರು ಮನೆಯ ತಾರವ್ವ ಕಾಕು. ಒಂದು ಸಂಜೆ ದೀಪದ ಬೆಳಕಿನಲ್ಲಿ ಕೂಸಿನ ಎಡಗಣ್ಣಿನ ಪಾಪೆ ಬೆಳ್ಳಗೆ ಮಿಂಚಿದ್ದನ್ನು ಕಂಡು, ಅವಳನ್ನು ಎತ್ತಿಕೊಂಡು ಸೀದಾ ಮಗ್ಗದ ಕೋಣೆಗೆ ನಡೆದಳು. "ನಿಂಗಪ್ಪಾ, ಲಾಳಿ ಕೆಳಗ ಇಡು. ಈ ಕೂಸಿನ ಕಣ್ಣ ನೋಡು." ಅಪ್ಪ ನೋಡಿದ, ಅವ್ವ ನೋಡಿದಳು. ದೀಪ ಎಡಕ್ಕೆ ಹಿಡಿದರು, ಬಲಕ್ಕೆ ಹಿಡಿದರು. ನೀಲಾ ಇದು ಆಟವೆಂದು ತಿಳಿದು ಕಿಲಕಿಲ ನಗುತ್ತಿದ್ದಳು. ಜಮಖಂಡಿಯ ಡಾಕ್ಟರು ನೋಡಿ, ಇದು ನನ್ನ ಕೈಯಲ್ಲಿ ಆಗುವುದಲ್ಲ, ಮಿರಜಕ್ಕೆ ಒಯ್ಯಿರಿ ಎಂದು ಚೀಟಿ ಬರೆದುಕೊಟ್ಟರು.

ಇಬ್ಬರು ಹೋಗುವಷ್ಟು ಖರ್ಚಿಗೆ ಇರಲಿಲ್ಲ. ಅಪ್ಪ ಒಬ್ಬನೇ ನೀಲಾಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಬಸ್ಸಿನಲ್ಲಿ ಕುಡಚಿಗೆ, ಕುಡಚಿಯಿಂದ ರೈಲಿನಲ್ಲಿ ಮಿರಜಕ್ಕೆ ಹೋದ. ಮರುದಿನ ಸಂಜೆ ಓಣಿಯ ತುದಿಯಿಂದಲೇ ಅವನ ದನಿ ಕೇಳಿಸಿತು. "ಕ್ಯಾನ್ಸಲ್! ಏ ಇವಳ, ಕ್ಯಾನ್ಸಲ್ ಅಂತ!" ಒಂದು ಕೈಯಲ್ಲಿ ನೀಲಾ, ಇನ್ನೊಂದು ಕೈಯಲ್ಲಿ ಪೇಡೆಯ ಪುಡಿಕೆ.

ಒಳಗೆ ಬಂದು ಕೂರುವಷ್ಟೂ ಸಮಾಧಾನವಿರಲಿಲ್ಲ, ನಿಂತೇ ಹೇಳಿದ. ಡಾಕ್ಟರು ಬಹಳ ದೊಡ್ಡ ಮನುಷ್ಯರು, ಬರೀ ಮರಾಠಿ. ಕಣ್ಣಿಗೆ ಯಾವುದೋ ಹನಿ ಹಾಕಿ, ಕೋಣೆ ಕತ್ತಲೆ ಮಾಡಿ, ತಾಸುಗಟ್ಟಲೆ ನೋಡಿದರು. ಕೊನೆಗೆ ಅಪ್ಪನ ಭುಜದ ಮೇಲೆ ಕೈ ಇಟ್ಟು ಹೇಳಿದರು: ಡೋಳ್ಯಾತ ಕ್ಯಾನ್ಸಲ್ ಆಹೆ. ಘರೀ ಜಾ. ಕಣ್ಣಿನಲ್ಲಿದ್ದದ್ದು ಕ್ಯಾನ್ಸಲ್ ಆಗಿದೆ, ಮನೆಗೆ ಹೋಗು!

"ಮತ್ತೇನಂದ್ರು?" ಅವ್ವ ಕೇಳಿದಳು.

"ಎಂಟು ದಿನದೊಳಗ ತಾಯೀನ ಕರಕೊಂಡು ಬಾ ಅಂದ್ರು. ನಿನಗ ಒಲಿ ಮುಂದ ಕೂತು ಕಣ್ಣಾಗ ನೀರ ಬರತಾವ ಅಂತ ನಾನ ಮಾತಿಗೆ ಹೇಳಿದ್ದೆ. ನಿಂದೂ ನೋಡತಾರಂತ ಕಾಣತೈತಿ. ಛಲೋ ಮನಷ್ಯಾ."

ಅಪ್ಪನ ಮರಾಠಿ ಸಂತೆಯಲ್ಲಿ ಸೀರೆ ಚೌಕಾಸಿ ಮಾಡುವಷ್ಟಿತ್ತು, ದವಾಖಾನೆಗೆ ಸಾಲುವಷ್ಟಿರಲಿಲ್ಲ. ಡಾಕ್ಟರು ಜಮಖಂಡಿಯವರಿಗೆಂದು ಕೊಟ್ಟ ಇಂಗ್ಲಿಷ್ ಚೀಟಿಯನ್ನು ಅವ್ವ ಅರಿಷಿಣ ಕುಂಕುಮ ಹಚ್ಚಿ ದೇವರ ಮಾಡದಲ್ಲಿಟ್ಟಳು. ಕ್ಯಾನ್ಸಲ್ ಆದ ಮೇಲೆ ಅದನ್ನು ಜಮಖಂಡಿಗೆ ಮುಟ್ಟಿಸುವ ಅವಸರವಾದರೂ ಏನು? ಪೇಡೆ ಹಂಚುವ ಕೆಲಸ ನನ್ನದು. ಹನ್ನೊಂದು ಮನೆಗೆ ಓಡಿ ಓಡಿ ಕೊಟ್ಟು ಬಂದೆ. ಪ್ರತಿ ಮನೆಯಲ್ಲೂ "ನಮ್ಮ ನೀಲಾನ ಕಣ್ಣ ಕ್ಯಾನ್ಸಲ್ ಆತು" ಎಂದು ಹೇಳಿದೆ. ಆ ವಾಕ್ಯವನ್ನು ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ. ಆಗ ಎಲ್ಲರೂ ನನ್ನ ಗಲ್ಲ ಹಿಂಡಿ ಪೇಡೆ ಬಾಯಿಗೆ ಹಾಕಿಕೊಂಡರು.

ನಾಲ್ಕು ದಿನ ಮನೆಯಲ್ಲಿ ಹಬ್ಬದ ಸಂಭ್ರಮ. ಅಪ್ಪ ಮಗ್ಗದಲ್ಲಿ ಕೂತು ಹಾಡಿಕೊಳ್ಳುತ್ತಿದ್ದ. ಐದನೆಯ ದಿನ ನಮ್ಮ ಶಾಲೆಯ ಮಾಸ್ತರರು ಓಣಿಯಲ್ಲಿ ಹಾಯ್ದು ಹೋಗುವಾಗ ಅವ್ವ ಕರೆದು, ಅವರಿಗೆಂದು ತೆಗೆದಿಟ್ಟ ಪೇಡೆ ಕೊಟ್ಟಳು. ಮಾಸ್ತರರು ಸಂತೋಷಪಟ್ಟು, ಡಾಕ್ಟರು ಏನು ಬರೆದಿದ್ದಾರೆ ನೋಡೋಣ ಎಂದು ಚೀಟಿ ಕೇಳಿದರು. ಕುಂಕುಮ ಒರೆಸಿ ಓದಿದರು. ಮತ್ತೊಮ್ಮೆ ಓದಿದರು. ಪೇಡೆಯನ್ನು ಬಾಯಿಗೆ ಹಾಕದೆ ಹಾಗೇ ಕಟ್ಟೆಯ ಮೇಲಿಟ್ಟರು.

"ನಿಂಗಪ್ಪಾ, ಹೊರಗ ಬಾ. ಇಲ್ಲಿ ಕೂಡು."

ಅಪ್ಪ ಬಂದು ಕೂತ.

"ಇದು ಕ್ಯಾನ್ಸಲ್ ಅಲ್ಲಪ. ಕ್ಯಾನ್ಸರ್. ಕಡೀಕ 'ಲ' ಅಲ್ಲ, 'ರ'."

ಅಪ್ಪನಿಗೆ ಅರ್ಥವಾಗಲಿಲ್ಲ. ಆಗ ನಮ್ಮ ಓಣಿಯಲ್ಲಿ ಯಾರಿಗೂ ಆ ಶಬ್ದ ಗೊತ್ತಿರಲಿಲ್ಲ. ಮಾಸ್ತರರು ಮೆಲ್ಲಗೆ, ಅಕ್ಷರ ಕಲಿಸುವ ಹಾಗೆಯೇ ಹೇಳಿದರು. ಕಣ್ಣಿನ ಒಳಗೆ ಕೆಟ್ಟ ಗಂಟು ಬೆಳೆದಿದೆ. ಹಿಂದಿನ ನರ ಹಿಡಿದು ಅದು ತಲೆಗೆ ಏರುತ್ತದೆ. ಏರುವುದಕ್ಕಿಂತ ಮೊದಲು ಕಣ್ಣನ್ನೇ ತೆಗೆಯಬೇಕು. ತೆಗೆದರೆ ಕೂಸು ಉಳಿಯಬಹುದು. ತೆಗೆಯದಿದ್ದರೆ ಉಳಿಯುವುದಿಲ್ಲ. ತಾಯಿ ತಂದೆ ಇಬ್ಬರೂ ಎಂಟು ದಿನದೊಳಗೆ ಬರಬೇಕು ಎಂದು ಬರೆದಿದ್ದಾರೆ.

ಅಪ್ಪ ಕೇಳಿದ ಮೊದಲ ಮಾತು, "ಇವತ್ತ ಎಷ್ಟನೇ ದಿನರೀ?"

"ಐದನೇದು."

ಅವನು ಎದ್ದು ಒಳಗೆ ಹೋಗಿ ಗೋಡೆಗೆ ಹಣೆ ಚಚ್ಚಿಕೊಂಡ ಸಪ್ಪಳ ನನಗೆ ಕೇಳಿಸಿತು. ಶಾಲೆಯಲ್ಲಿ ಲಕಾರ ರಕಾರ ತಪ್ಪಿದ್ದಕ್ಕೆ ನಾವೆಲ್ಲ ಅಂಗೈ ಮೇಲೆ ಪೆಟ್ಟು ತಿಂದವರೇ. ಒಂದು ಅಕ್ಷರಕ್ಕೆ ಇಷ್ಟು ಬೆಲೆ ಇರಬಹುದೆಂದು ನನಗೆ ಅಂದೇ ಗೊತ್ತಾದದ್ದು. ಮುಂದೆ ನಾನೇ ಮಾಸ್ತರಣಿಯಾದಾಗ ಮಕ್ಕಳ ಕಾಗುಣಿತದ ವಿಷಯದಲ್ಲಿ ರಾಕ್ಷಸಿ ಎಂದು ಹೆಸರು ಪಡೆದೆ. ಪಾಪ, ಆ ಮಕ್ಕಳಿಗೆ ಕಾರಣ ಗೊತ್ತಿರಲಿಲ್ಲ.

ಸುದ್ದಿ ಓಣಿಯಲ್ಲಿ ಹಬ್ಬಲು ಅರ್ಧ ತಾಸೂ ಬೇಕಾಗಲಿಲ್ಲ. ಹೆಣ್ಣುಮಕ್ಕಳು ಬಂದು ಅವ್ವನ ಸುತ್ತ ಕೂತರು. ಒಬ್ಬ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಹೆಣ್ಣ ಕೂಸು. ಕಣ್ಣ ತಗಸಿದ ಮ್ಯಾಲೆ ನಾಳೆ ಇದನ್ನ ಯಾರ ಮಾಡಿಕೋತಾರವ್ವಾ?" ಎಂದಳು. ಅವ್ವ, "ನಾಳೆಗೆ ಕೂಸು ಇರಲಿ ಮೊದಲ. ಆಮ್ಯಾಲೆ ಮದುವಿ" ಎಂದು ಎದ್ದು ಬಟ್ಟೆ ಗಂಟು ಕಟ್ಟತೊಡಗಿದಳು.

ಆದರೆ ಗಂಟು ಕಟ್ಟಿದ ಮಾತ್ರಕ್ಕೆ ಹೊರಡಲು ಆಗುತ್ತದೆಯೇ? ಮಿರಜದಲ್ಲಿ ತಿಂಗಳೊಪ್ಪತ್ತು ಇರಬೇಕಾಗಬಹುದು ಎಂದಿದ್ದರು ಮಾಸ್ತರರು. ಅಷ್ಟು ದಿನ ಮಗ್ಗ ನಿಂತರೆ ಸೀರೆ ಇಲ್ಲ, ಸೀರೆ ಇಲ್ಲದಿದ್ದರೆ ದವಾಖಾನೆಯ ಖರ್ಚಿಗೆ ದಾರಿ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಹಿಂದೊಮ್ಮೆ ಅರ್ಜಿ ಹೋದ ಮಗ್ಗ ಅದು. ಇನ್ಸ್‌ಪೆಕ್ಟರು ಬಂದು ನಿಂತ ಮಗ್ಗ ಕಂಡರೆ ಕಾರ್ಡು ಹೋಗಿಬಿಡುತ್ತದೆ. ಕೂಸನ್ನು ಉಳಿಸಿಕೊಂಡು ಬಂದು ಅದಕ್ಕೆ ಉಣಿಸುವುದು ಏನನ್ನು? ಅಪ್ಪ ಕುಣಿಯ ಅಂಚಿನಲ್ಲಿ ಕೂತು, ಅರ್ಧಕ್ಕೆ ನಿಂತ ಸೀರೆಯನ್ನು ಸುಮ್ಮನೆ ಸವರುತ್ತಿದ್ದ.

ತಾರವ್ವ ಕಾಕುವಿನ ಗಂಡ ಸಿದ್ದಪ್ಪ ಕಾಕಾ ಆಗ ಒಳಗೆ ಬಂದರು. ದಪ್ಪ ಮೀಸೆಯ, ಕಡಿಮೆ ಮಾತಿನ ಮನುಷ್ಯ.

"ನಿಂಗ್ಯಾ, ನಿನ್ನ ಪೇಡೆ ತಿಂದೇನಿ ನಾ."

"ತಪ್ಪಾತು ಕಾಕಾ. ನಾ ದಡ್ಡ. ನಿಮ್ಮೆಲ್ಲಾರಿಗೂ ಸುಳ್ಳ ಪೇಡೆ ತಿನ್ನಿಸಿದೆ."

"ಪೇಡೆ ಖರೇನ ಇದ್ದವು. ಸುದ್ದಿ ಅಷ್ಟ ಸುಳ್ಳ. ಹನ್ನೊಂದು ಮನಿಯವರು ಕೂಸಿನ ಹೆಸರಿಲೆ ಬಾಯಿ ಸಿಹಿ ಮಾಡಿಕೊಂಡೇವಿ. ಈಗ ಸುಮ್ಮನ ಕೂಡಾಕ ಬರತೈತೇನು? ನೀ ಹೋಗು. ಮಗ್ಗ ನಿಲ್ಲೂದಿಲ್ಲ."

ಹೀಗೆ ಆ ತಪ್ಪು ಪೇಡೆ ನಮ್ಮನ್ನು ಕಾಪಾಡಿತು. ಸರಿಯಾದ ಸುದ್ದಿ ಮೊದಲೇ ಬಂದಿದ್ದರೂ ಆ ಜನ ಸಹಾಯ ಮಾಡುತ್ತಿದ್ದರೋ ಏನೋ, ಒಳ್ಳೆಯವರೇ ಇದ್ದರು. ಆದರೆ ಕೂಸು ಗುಣವಾಯಿತೆಂದು ತಿಂದ ಪೇಡೆ, ಕೂಸು ಗುಣವಾಗುವ ತನಕ ಅವರಿಗೆ ಜೀರ್ಣವಾಗುವಂತಿರಲಿಲ್ಲ. ಮರುದಿನ ಮುಂಜಾನೆ ಅಪ್ಪ, ಅವ್ವ, ನೀಲಾ ಹೊರಟರು. ನಾನು ತಾರವ್ವ ಕಾಕುವಿನ ಮನೆಯಲ್ಲಿ ಉಳಿದೆ. ಬಸ್ಸು ಹೊರಡುವಾಗ ನೀಲಾ ಕಿಟಕಿಯಿಂದ ಎರಡೂ ಕಣ್ಣಿನಿಂದ ನನ್ನನ್ನು ನೋಡಿದಳು. ಹಾಗೆ ನೋಡುವುದು ಅದೇ ಕಡೆಯ ಸಲ ಎಂಬುದು ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ನಾನು ಬಸ್ಸಿನ ಹಿಂದೆ ಒಂದಷ್ಟು ದೂರ ಓಡಿ, ಮುಗ್ಗರಿಸಿ ಬಿದ್ದೆ.

ಆ ಮೇಲಿನ ದಿನಗಳಲ್ಲಿ ನಮ್ಮ ಮಗ್ಗದಲ್ಲಿ ಹನ್ನೊಂದು ಜನ ನೇಯ್ದರು. ತಮ್ಮ ತಮ್ಮ ಮಗ್ಗದ ಕೆಲಸ ಬಿಡುವಂತಿರಲಿಲ್ಲವಾದ್ದರಿಂದ ಒಬ್ಬೊಬ್ಬರಿಗೆ ಒಂದೊಂದು ಹೊತ್ತು. ನಸುಕಿನಲ್ಲಿ ಒಬ್ಬ, ಊಟವಾದ ಮೇಲೆ ಒಬ್ಬ, ಹೊತ್ತು ಇಳಿಯುವಾಗ ಇನ್ನೊಬ್ಬ. ಕಂಡಿಕಿ ಸುತ್ತುವವಳು ಮಾತ್ರ ನಾನೊಬ್ಬಳೇ. ನನ್ನ ಬೆರಳಿಗೆ ನೂಲು ಕೊಯ್ದು ಗೆರೆ ಬಿದ್ದಿದ್ದವು. ನೋವಾದಾಗಲೆಲ್ಲ, ನಾನು ಸುತ್ತುವುದು ನಿಂತರೆ ನೀಲಾ ಸಾಯುತ್ತಾಳೆ ಎಂದುಕೊಳ್ಳುತ್ತಿದ್ದೆ. ಹತ್ತು ವರ್ಷದ ತಲೆಯಲ್ಲಿ ಏನೇನೋ ಲೆಕ್ಕ ಇರುತ್ತವೆ.

ನೇಕಾರನ ಕೈ ಎಂದರೆ ಅಕ್ಷರ ಇದ್ದ ಹಾಗೆ, ಒಬ್ಬರದು ಇನ್ನೊಬ್ಬರಿಗೆ ಬರುವುದಿಲ್ಲ. ಸಿದ್ದಪ್ಪ ಕಾಕಾ ಹೊಕ್ಕಿನ ಅಡ್ಡ ಎಳೆಯನ್ನು ಗಟ್ಟಿಯಾಗಿ ಬಡಿಯುವವರು. ಅವರು ನೇಯ್ದ ಜಾಗ ಹಲಗೆಯಂತೆ ಬಿರುಸು. ಇನ್ನೊಬ್ಬರದು ಸಡಿಲು. ಮೊದಲ ಸೀರೆ ಮುಗಿದು ಅಂಗಡಿಗೆ ಹೋದಾಗ, ನಮ್ಮ ಸೀರೆ ಕೊಳ್ಳುತ್ತಿದ್ದ ಸಾವಕಾರ ಅದನ್ನು ಬೆಳಕಿಗೆ ಹಿಡಿದರು. ಗೇಣಿಗೊಂದು ನಮೂನೆ. ಇಂಥದಕ್ಕೆ ಬೆಲೆಯಲ್ಲಿ ಮುರಿದುಕೊಳ್ಳುವುದು ಅವರ ರೂಢಿ, ಅದರಲ್ಲಿ ಅವರು ಮುಖ ನೋಡುವವರಲ್ಲ.

"ಇದನ್ನ ನೇಯ್ದಾವಗ ಎಷ್ಟು ಕೈ ಅದಾವೋ ಸಿದ್ದಪ್ಪಾ?"

"ಇಪ್ಪತ್ತೆರಡ ರೀ" ಎಂದರು ಕಾಕಾ.

ಸಾವಕಾರ ಅವರ ಮುಖ ನೋಡಿ, ಸೀರೆಯ ಮಡಿಕೆ ಒಳಮುಖವಾಗಿ ಮಡಚಿ, ಗಂಟಿನ ಅಡಿಗೆ ಸೇರಿಸಿದರು. "ನೀ ತೋರಿಸಿಲ್ಲ, ನಾ ನೋಡಿಲ್ಲ" ಎಂದು ಪೂರ್ತಿ ಹಣ ಎಣಿಸಿಕೊಟ್ಟರು. ಅದು ಅಂದೇ ಮಿರಜಕ್ಕೆ ಮನಿಯಾರ್ಡರ್ ಆಗಿ ಹೋಯಿತು.

ಇನ್ಸ್‌ಪೆಕ್ಟರು ಎರಡು ಸಲ ಬಂದರು. ಮೊದಲ ಸಲ ಮಗ್ಗದಲ್ಲಿ ಕೂತಿದ್ದವನು ಓಣಿಯ ಮೂಲೆಯ ಮನೆಯ ಹೊಸ ಮದುವೆಯ ಗಂಡು, ಮೀಸೆ ಬೋಳಿಸಿಕೊಂಡವನು. "ನಿಂಗಪ್ಪ ಯಾರು?" "ನಾನ ರೀ" ಎಂದ ಧೈರ್ಯವಾಗಿ. ಹದಿನೈದು ದಿನ ಬಿಟ್ಟು ಬಂದಾಗ ಕುಣಿಯಲ್ಲಿ ಸಿದ್ದಪ್ಪ ಕಾಕಾ. ಅವರೂ "ನಾನ ರೀ ನಿಂಗಪ್ಪ" ಎಂದರು.

"ಹೋದ ಸಲ ಮೀಸಿ ಇದ್ದಿಲ್ಲಲಾ?"

"ಬೆಳದಾವ ರೀ."

ರಾಟಿಯ ಮುಂದೆ ಕೂತ ನನಗೆ ನಗುವೂ ಭಯವೂ ಒಟ್ಟಿಗೆ ಬಂದು ಬಿಕ್ಕಳಿಕೆ ಹತ್ತಿತು. ಇನ್ಸ್‌ಪೆಕ್ಟರು ಮೀಸೆ ನೋಡಿದರು, ನನ್ನನ್ನು ನೋಡಿದರು, ಮಗ್ಗದ ಮೇಲಿನ ಸೀರೆ ಮುಟ್ಟಿದರು. "ಮಗ್ಗ ನಡದೈತಿ. ನನಗ ಅಷ್ಟ ಬೇಕು" ಎಂದು ಬರೆದುಕೊಂಡು ಹೋದರು. ಆ ಕಾಲದ ಸರಕಾರವನ್ನು ಯಾರಾದರೂ ಬೈದರೆ ಈಗಲೂ ನಾನು ದನಿಗೂಡಿಸದಿರುವುದು ಆ ಒಬ್ಬ ಮನುಷ್ಯನ ದೆಸೆಯಿಂದ.

ನೀಲಾಳ ಕಣ್ಣು ತೆಗೆದರು. ಅಪ್ಪ ಯಾರ ಕೈಯಿಂದಲೋ ಬರೆಸಿದ ಅಂಚೆ ಕಾರ್ಡಿನಲ್ಲಿ ಇದ್ದದ್ದು ಎರಡೇ ಸಾಲು: ಶಸ್ತ್ರ ಆಯಿತು, ಕೂಸು ಗಂಜಿ ಕುಡಿದಳು. ಒಂದು ತಿಂಗಳಿಗೆ ಮೂವರೂ ಊರಿಗೆ ಬಂದರು. ತಲೆಗೆ ಓರೆಯಾಗಿ ಪಟ್ಟಿ ಕಟ್ಟಿಕೊಂಡ ನೀಲಾ ಬಸ್ಸಿನಿಂದ ಇಳಿದವಳೇ ನನ್ನ ಕಡೆ ಓಡಿ ಬಂದು, ಎಡಗಡೆಯಿದ್ದ ಕಲ್ಲು ಕಾಣದೆ ಎಡವಿದಳು. ಎತ್ತಿಕೊಂಡೆ. ಮೊದಲಿಗಿಂತ ಹಗುರವಾಗಿದ್ದಳು.

ಆದರೆ ಕೆಲಸ ಇನ್ನೂ ಮುಗಿದಿರಲಿಲ್ಲ. ತೆಗೆದ ಕಣ್ಣನ್ನೂ ಅದರ ಹಿಂದಿನ ನರವನ್ನೂ ತಪಾಸಣೆಗೆ ಕಳಿಸಿದ್ದರು. ನರ ಸ್ವಚ್ಛವಿದ್ದರೆ ಕೂಸು ನಮ್ಮದು. ನರದಲ್ಲೂ ಅದು ಇಳಿದಿದ್ದರೆ ಮುಂಬೈಗೆ ಹೋಗಬೇಕು, ಹೋದರೂ ಹೇಳಲಾಗುವುದಿಲ್ಲ. ಉತ್ತರ ಅಂಚೆಯಲ್ಲಿ ಬರುತ್ತದೆ ಎಂದಿದ್ದರು. ಅಂಚೆಯವನು ಓಣಿಗೆ ಬಂದಾಗಲೆಲ್ಲ ಅಪ್ಪನ ಲಾಳಿ ನಡುವೆ ನಿಲ್ಲುತ್ತಿತ್ತು. ಹನ್ನೆರಡು ಮಗ್ಗದ ಸಪ್ಪಳದಲ್ಲಿ ನಮ್ಮದೊಂದು ನಿಂತದ್ದು ಎಲ್ಲರಿಗೂ ತಿಳಿಯುತ್ತಿತ್ತು. ಅಂಚೆಯವನು ತಲೆ ಅಲ್ಲಾಡಿಸಿ ಮುಂದೆ ಹೋದ ಮೇಲೆ ಮತ್ತೆ ಶುರುವಾಗುತ್ತಿತ್ತು. ಅಪ್ಪ ಆಗ ಹಾಡುತ್ತಿರಲಿಲ್ಲ. ತನ್ನ ಒಂದೇ ಇಂಗ್ಲಿಷ್ ಶಬ್ದವನ್ನೂ ಬಿಟ್ಟಿದ್ದ. ನೆಗಡಿ ಹೋದರೆ ಹೋಯಿತು, ಅಷ್ಟೆ.

ಕೊನೆಗೆ ಒಂದು ದಿನ ಉದ್ದ ಲಕೋಟೆ ಬಂತು, ಒಳಗೆ ಇಂಗ್ಲಿಷ್. ಈಗ ಅಪ್ಪ ಮಾಡಿದ್ದನ್ನು ಕೇಳಿ. ಒಬ್ಬರ ಓದಿನ ಮೇಲೆ ಅವನಿಗೆ ನಂಬಿಕೆ ಉಳಿದಿರಲಿಲ್ಲ. ನನ್ನನ್ನು ಜೊತೆಗೆ ಕರೆದುಕೊಂಡು ಮೊದಲು ಮಾಸ್ತರರ ಮನೆಗೆ ಹೋದ. ಅವರು ಓದಿ ಹೇಳಿದರು. ಅಪ್ಪ ಮುಖದಲ್ಲಿ ಏನನ್ನೂ ತೋರಿಸದೆ, ಕಾಗದ ಮಡಚಿ, ಪೋಸ್ಟ್ ಮಾಸ್ತರರ ಹತ್ತಿರ ಹೋದ. ಅವರೂ ಓದಿ ಹೇಳಿದರು. ಅಲ್ಲಿಂದ ಸೀದಾ ಬಸ್ಸು ಹತ್ತಿ ಜಮಖಂಡಿಗೆ, ಮೊದಲು ಚೀಟಿ ಬರೆದ ಡಾಕ್ಟರ ಹತ್ತಿರ. ಹಿಂದಿನ ಇಬ್ಬರು ಏನು ಹೇಳಿದರೆಂದು ಬಾಯಿ ಬಿಡಬೇಡ ಎಂದು ದಾರಿಯುದ್ದಕ್ಕೂ ನನಗೆ ತಾಕೀತು. ನಾನು ತುಟಿ ಹಲ್ಲಿನಿಂದ ಕಚ್ಚಿ ಹಿಡಿದಿದ್ದೆ.

ಡಾಕ್ಟರು ಓದಿ, ಕನ್ನಡಕ ತೆಗೆದು, "ನರ ಸ್ವಚ್ಛ ಐತಿ ನಿಂಗಪ್ಪ. ಎಲ್ಲೂ ಹಬ್ಬಿಲ್ಲ. ಗಂಟು ಪೂರಾ ಹೊರಗ ಬಂದೈತಿ" ಎಂದರು.

"ಒಂದೊಂದ ಅಕ್ಷರ ನೋಡಿ ಹೇಳ್ರಿ, ಸಾಹೇಬರ."

ಅವರಿಗೆ ಹಿಂದಿನ ಕಥೆ ಗೊತ್ತಿತ್ತು. ನಗದೆ, ಬೆರಳಿಟ್ಟು, ಒಂದೊಂದೇ ಶಬ್ದ ಓದಿ ಕನ್ನಡದಲ್ಲಿ ಹೇಳಿದರು. ಮೂವರೂ ಹೇಳಿದ್ದು ಒಂದೇ. ಅಪ್ಪ ಅಲ್ಲಿಯ ಬಾಗಿಲ ಚೌಕಟ್ಟು ಹಿಡಿದು ಕೆಳಗೆ ಕೂತು, ದೊಡ್ಡ ದನಿ ತೆಗೆದು ಅತ್ತ. ನನಗೆ ನಾಚಿಕೆಯಾಯಿತು, ಸಾಲಿನಲ್ಲಿ ಕೂತ ರೋಗಿಗಳೆಲ್ಲ ಯಾರೋ ಸತ್ತರೆಂದು ತಿಳಿದರು. ಒಬ್ಬ ಮುದುಕ ಎದ್ದು ಬಂದು ಅಪ್ಪನ ಬೆನ್ನು ಸವರಿ, "ದೇವರ ಇಚ್ಛಾ, ಸಮಾಧಾನ ಮಾಡ್ಕೊ ತಮ್ಮಾ" ಎಂದ. ಅಪ್ಪ ಅಳುತ್ತಲೇ "ಉಳದಾಳ ರೀ, ಉಳದಾಳ" ಎಂದ. ಎದೆಯ ಮೇಲಿನ ಕಲ್ಲು ಇಳಿಯುವುದು ಎಂದರೆ ಏನೆಂದು ನನಗೆ ತಿಳಿದದ್ದು ಅಲ್ಲಿ, ಆ ಬಾಗಿಲಲ್ಲಿ.

ನೀಲಾ ಉಳಿದಳು. ವರ್ಷಕ್ಕೊಮ್ಮೆ ಮಿರಜಕ್ಕೆ ಹೋಗಿ ತೋರಿಸಿ ಬರುವುದಿತ್ತು. ಹೀಗೆ ಹೋಗಿ ಬರುತ್ತಿದ್ದಾಗಲೇ ನಮ್ಮ ಜಿಲ್ಲೆ ಮುಂಬೈಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ ಒಂದು ವರ್ಷ ಡಾಕ್ಟರು ಇನ್ನು ಬರುವುದು ಬೇಡ ಎಂದರು. ಬೆಳೆದು ಅವಳು ಹೊಲಿಗೆ ಕಲಿತಳು. ಊರಿನ ಅರ್ಧ ಹೆಣ್ಣುಮಕ್ಕಳ ಕುಪ್ಪಸ ಅವಳದೇ ಹೊಲಿಗೆ. ಒಕ್ಕಣ್ಣಿನಲ್ಲಿ ಹೇಗೆ ಸೂಜಿಗೆ ದಾರ ಪೋಣಿಸುತ್ತೀ ಎಂದು ಯಾರೋ ಕೇಳಿದ್ದಕ್ಕೆ, "ನೀವೆಲ್ಲಾ ಪೋಣಸೂ ಮುಂದ ಒಂದು ಕಣ್ಣ ಮುಚ್ಚತೀರಿ. ನನಗ ಆ ತ್ರಾಸ ಇಲ್ಲ" ಎಂದಳಂತೆ. ಮದುವೆಯೂ ಆಯಿತು. ಅವಳನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಚಿಂತಿಸಿದ ಮುದುಕಿಯ ಮೊಮ್ಮಗನೇ ಮಾಡಿಕೊಂಡ.

ಇಷ್ಟು ಬರೆದು ನಿಲ್ಲಿಸಬಹುದಿತ್ತು. ಆದರೆ ಮೇಲೆ ಒಂದು ಕಡೆ ನಾನು ನಿಮಗೆ ಪೂರ್ತಿ ಹೇಳಿಲ್ಲ. ತಾರವ್ವ ಕಾಕು ಮೊದಲು ದೊಡ್ಡವರ ಗಮನಕ್ಕೆ ತಂದಳು ಎಂದೆನಲ್ಲ, ಅದು ನಿಜ. ಮೊದಲು ಕಂಡವಳು ಮಾತ್ರ ನಾನು, ಅವಳಿಗಿಂತ ಮೂರು ತಿಂಗಳ ಮುಂಚೆ. ದೀಪದ ಮುಂದೆ ನೀಲಾಳ ಕಣ್ಣು ಬೆಕ್ಕಿನ ಕಣ್ಣಿನಂತೆ ಹೊಳೆಯುತ್ತದೆ ಎಂದು ಕಂಡು ನನಗೆ ಹೆಮ್ಮೆಯಾಗಿತ್ತು. ಯಾರ ತಂಗಿಗೂ ಇಲ್ಲದ್ದು ನನ್ನ ತಂಗಿಗೆ! ಅವ್ವನಿಗೆ ಹೇಳಲಿಲ್ಲ. ಓಣಿಯ ಹುಡುಗಿಯರನ್ನು ಸಂಜೆ ಕರೆದು, ಐದೈದು ಹುಣಸೆಬೀಜ ಇಸಿದುಕೊಂಡು, ದೀಪ ಹಿಡಿದು ತೋರಿಸುತ್ತಿದ್ದೆ. ಮೂರು ತಿಂಗಳಲ್ಲಿ ಒಂದು ಡಬ್ಬಿ ತುಂಬ ಬೀಜ ಗಳಿಸಿದ್ದೆ. ನೀಲಾ ಮಿರಜಕ್ಕೆ ಹೋದ ದಿನ ಅದನ್ನು ಒಯ್ದು ಹಾಳು ಬಾವಿಗೆ ಸುರುವಿದೆ. ಮೊದಲ ದಿನವೇ ಅವ್ವನಿಗೆ ಹೇಳಿದ್ದರೆ ಕಣ್ಣು ಉಳಿಯುತ್ತಿತ್ತೇ? ಎಪ್ಪತ್ತು ವರ್ಷ ಇದನ್ನು ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಅಪ್ಪನ ಲಕಾರದ ತಪ್ಪನ್ನು ಮಾತ್ರ ಮದುವೆ ಮುಂಜಿವೆಗಳಲ್ಲಿ ಹೇಳಿ ಹೇಳಿ ಜನರನ್ನು ನಗಿಸಿದೆ.

ಫೋಟೋ ಬಂದ ಮರುದಿನ ತಡೆಯಲಾಗದೆ ಬಸ್ಸು ಹತ್ತಿ ಬನಹಟ್ಟಿಗೆ ಹೋದೆ. ನೀಲಾ ಪಡಸಾಲೆಯಲ್ಲಿ ಕೂತು ಕೂಸಿನ ತಲೆಗೆ ಕುಂಚಿಗೆ ಹೊಲಿಯುತ್ತಿದ್ದಳು. ಬಲಗಡೆ ಅವಳಿಗೆ ಕಾಣುವ ಹಾಗೆ ಕೂತೆ. ನೀರು ಕೂಡ ಕುಡಿಯದೆ ಎಲ್ಲವನ್ನೂ ಹೇಳಿದೆ. ದೀಪ, ಬೀಜ, ಡಬ್ಬಿ, ಬಾವಿ. ಅವಳು ಹೊಲಿಗೆ ನಿಲ್ಲಿಸಲಿಲ್ಲ.

"ಗೊತ್ತೈತಿ. ತಾರವ್ವ ಕಾಕು ಸಾಯೂಕಿಂತ ಮೊದಲ ಹೇಳಿದ್ಲು. ಹುಡುಗ್ಯಾರು ಗುಂಪುಗೂಡಿ ಏನ್ ನೋಡಾಕತ್ತಾರ ಅಂತ ಆಕಿ ಇಣಕಿ ನೋಡಿದ್ಲಂತ. ಅವ್ವ ಅಪ್ಪ ಮುಂಜಾನಿಂದ ಸಂಜೀತನಕ ಮಗ್ಗದಾಗ. ನೀ ಆಟ ಆಡದಿದ್ರ ನನ್ನ ಮಾರಿಗೆ ದೀಪಾ ಯಾರ ಹಿಡೀತಿದ್ರು? ನಾ ಉಳದದ್ದ ಅದಕ್ಕ, ಅಕ್ಕಾ."

ಅವಳು ಗಂಟು ಹಾಕಿ, ದಾರ ಹಲ್ಲಿನಿಂದ ಕಡಿದು, ಆಮೇಲೆ ನನ್ನ ಕಡೆ ತಿರುಗಿದಳು.

"ಆದ್ರ ಒಂದ ಕೇಳತೇನಿ. ಗಿರಾಕಿ ತಂದಾಕಿ ನೀ, ಖರೆ. ಕಣ್ಣು ನಂದು. ನನ್ನ ಪಾಲಿನ ಬೀಜ ನನ್ನ ಕೇಳದ ಬಾವಿಗೆ ಯಾಕ ಹಾಕಿದಿ?"

ನಾನು ನಕ್ಕೆ, ನಗುತ್ತಲೇ ಅತ್ತೆ, ಅಂದು ಜಮಖಂಡಿಯ ಬಾಗಿಲಲ್ಲಿ ಅಪ್ಪ ಅತ್ತಷ್ಟೇ ದೊಡ್ಡ ದನಿ ತೆಗೆದು. ಒಳಗಿನಿಂದ ಸೊಸೆ ಗಾಬರಿಯಾಗಿ ಓಡಿ ಬಂದು, "ಏನಾತ್ರೀ ದೊಡ್ಡತ್ತಿ?" ಎಂದಳು.

"ಏನೂ ಆಗಿಲ್ಲ. ಹೋಗು, ಅಕ್ಕಗ ರೊಟ್ಟಿ ಬಡಿ" ಎಂದಳು ನೀಲಾ.